ಮಿಂಚುಪಟ್ಟಿ ಮತ್ತು ಜಪಾನಿ ವ್ಯಾಕರಣದ ಕಲಿಕೆ

ಅನ್ಯಭಾಷೆಯನ್ನು ಕಲಿಯುವವರ ಮೊದಲ ಶತ್ರು ಮರೆವು. ಜರ್ಮನಿಯ ಮನೋವಿಜ್ಞಾನಿ ಹರ್ಮನ್ ಎಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗಗಳನ್ನು ನಡೆಸಿ, ಕಲಿತದ್ದು ಮೊದಲು ವೇಗವಾಗಿಯೂ ಅನಂತರ ನಿಧಾನವಾಗಿಯೂ ಅಳಿಯುತ್ತದೆಂಬುದನ್ನು 1885ರ ತನ್ನ ಗ್ರಂಥದಲ್ಲಿ ನಿರೂಪಿಸಿದನು. 1970ರ ದಶಕದಲ್ಲಿ ಸೆಬಾಸ್ಟಿಯನ್ ಲೈಟ್ನರ್ ಮಿಂಚುಪಟ್ಟಿಗಳನ್ನು ಪೆಟ್ಟಿಗೆಯ ಮನೆಗಳಲ್ಲಿ ವಿಂಗಡಿಸುವ ಕ್ರಮವನ್ನು ಪ್ರಚುರಪಡಿಸಿದನು. ಉತ್ತರ ಸರಿಯಾದರೆ ಪಟ್ಟಿಯು ಹೆಚ್ಚು ದಿನಗಳ ಅಂತರದ ಮನೆಗೆ ಸಾಗುತ್ತದೆ. ತಪ್ಪಿದರೆ ಮೊದಲ ಮನೆಗೆ ಮರಳುತ್ತದೆ. ಇಂದು ಈ ಲೆಕ್ಕವನ್ನು 2006ರಲ್ಲಿ ಹೊರಬಂದ ‘ಅಂಕಿ’ಯಂತಹ ಗಣಕ ತಂತ್ರಾಂಶಗಳು ಇಡುತ್ತವೆ. ಕಂಠಪಾಠವೆಂದು ಅರ್ಥ ಕೊಡುವ ಆ ಹೆಸರು ಜಪಾನಿ ಭಾಷೆಯದೇ.

ಈ ಸಾಧನದ ಉಪಯುಕ್ತತೆ ನಿರ್ವಿವಾದ. ಆದರೆ ಪಟ್ಟಿಯ ಮೇಲೆ ಏನನ್ನು ಬರೆಯಬೇಕು ಎಂಬ ಪ್ರಶ್ನೆಗೆ ಸಲ್ಲಬೇಕಾದ ಗಮನ ಸಂದಿಲ್ಲ. ಜಪಾನ್ ಸರ್ಕಾರದ 2010ರ ನಿತ್ಯಬಳಕೆಯ ಪಟ್ಟಿಯಲ್ಲಿರುವ 2,136 ಕಾಂಜಿ ಅಕ್ಷರಗಳನ್ನೂ ಬಿಡಿ ಪದಗಳನ್ನೂ ರಾಶಿ ಹಾಕಿಕೊಂಡ ವಿದ್ಯಾರ್ಥಿ, ಒಂದು ವಾಕ್ಯ ಕಟ್ಟಬೇಕಾದಾಗ ಕ್ರಿಯಾಪದದ ಬಳಿ ತಡವರಿಸುತ್ತಾನೆ. ಪಟ್ಟಿಯ ಮೇಲೆ ಇರಬೇಕಾದುದು ಪದವನ್ನು ಕಟ್ಟುವ ಬಗೆ.

ಈ ವಿಷಯದಲ್ಲಿ ಕನ್ನಡಿಗರಿಗೆ ಒಂದು ಅನುಕೂಲವಿದೆ. ‘ತಬೆತೆ ಮಿರು’ ಎಂಬ ಜಪಾನಿ ರೂಪ ನಮ್ಮ ‘ತಿಂದು ನೋಡು’ ಎಂಬುದೇ; ‘ಮಿರು’ ಎಂದರೆ ನೋಡು. ‘ಕಾಇತೆ ಒಕು’ ನಮ್ಮ ‘ಬರೆದಿಡು’. ‘ಒಕು’ ಎಂದರೆ ಇಡು. ಸಮಾಸದಲ್ಲಿಯೂ ಇಂಥದೇ ಸಾಮ್ಯ ಕಾಣುತ್ತದೆ. ‘ತೆ’ (ಕೈ) ಮತ್ತು ‘ಕಮಿ’ (ಕಾಗದ) ಸೇರಿ ‘ತೆಗಮಿ’, ಅಂದರೆ ಪತ್ರ, ಆಗುವುದು ‘ಮಳೆ’ ಮತ್ತು ‘ಕಾಲ’ ಸೇರಿ ‘ಮಳೆಗಾಲ’ ಆಗುವುದನ್ನು ಹೋಲುತ್ತದೆ. ಕೇಶಿರಾಜನ ಆದೇಶಸಂಧಿಯನ್ನು ಓದಿದವರಿಗೆ ಜಪಾನಿಯರು ‘ರೆಂದಾಕು’ ಎನ್ನುವ ಈ ಬದಲಾವಣೆ ಅಪರಿಚಿತವಲ್ಲ. ಇದು ಭಾಷಾಕುಲದ ನಂಟಿಗೆ ಪುರಾವೆಯಲ್ಲ. ರಚನೆಯ ಹೋಲಿಕೆ ಮಾತ್ರ.

ನಿಯಮ ತಿಳಿದ ಮೇಲೆ ಪಟ್ಟಿಯೇಕೆ? ನಿಯಮ ಎಲ್ಲೆಡೆ ನಡೆಯದಿರುವುದರಿಂದಲೇ. ಉತ್ತರಪದದಲ್ಲಿ ಆಗಲೇ ಗ, ಜ, ದ, ಬಗಳಂತಹ ಘೋಷವ್ಯಂಜನವಿದ್ದರೆ ಆದೇಶ ಸಾಮಾನ್ಯವಾಗಿ ಆಗದು. ಆದುದರಿಂದ ‘ಕಮಿಕಜೆ’ ಎಂಬುದು ‘ಕಮಿಗಜೆ’ಯಾಗುವುದಿಲ್ಲ. ಈ ತಡೆ ಇಲ್ಲದಿರುವಲ್ಲಿಯೂ ಎಷ್ಟೋ ಪದಗಳು ಬದಲಾಗದೆ ಉಳಿಯುತ್ತವೆ. ಸಾಮ್ಯವು ದಾರಿ ತಪ್ಪಿಸುವ ಎಡೆಗಳೂ ಉಂಟು. ನಮ್ಮ ಒಂದೇ ‘ಕೊಡು’ವಿಗೆ ಪ್ರತಿಯಾಗಿ ಅಲ್ಲಿ, ಹೊರಗಿನವರಿಗೆ ಕೊಡುವಾಗ ‘ಅಗೆರು’, ತನಗೆ ಅಥವಾ ತನ್ನವರಿಗೆ ಇತರರು ಕೊಡುವಾಗ ‘ಕುರೆರು’ ಬರುತ್ತವೆ. ಪುನರಾವರ್ತನೆಯ ಶ್ರಮ ಸಲ್ಲಬೇಕಾದುದು ಇಂತಹ ಎಡೆಗಳಿಗೆ. ಪಟ್ಟಿಯ ಮುಂಬದಿಯಲ್ಲಿ ಯಾರು ಯಾರಿಗೆ ಕೊಟ್ಟರೆಂಬ ಸಂದರ್ಭವಿರಲಿ, ಹಿಂಬದಿಯಲ್ಲಿ ಪೂರ್ಣ ವಾಕ್ಯವಿರಲಿ. ಒಂದು ಪಟ್ಟಿ ಒಂದೇ ಅಂಶವನ್ನು ಪರೀಕ್ಷಿಸಲಿ. ವ್ಯಾಕರಣದ ಪರಿಭಾಷೆಯನ್ನು ಉರುಹೊಡೆಯುವುದರಿಂದ ಮಾತು ಬಾರದು.

ಪಟ್ಟಿಯು ಅರಿತದ್ದನ್ನು ಕಾಯುತ್ತದೆ, ಅರಿವನ್ನು ಹುಟ್ಟಿಸಲಾರದು. ಆ ಕೆಲಸ ಗುರುವಿನದು, ಗ್ರಂಥದ್ದು, ಸಂಭಾಷಣೆಯದು. ಈ ವಿವೇಕ ಹೊರನಾಡಿನ ಕನ್ನಡ ಬೋಧನೆಗೂ ಸಲ್ಲುತ್ತದೆ. ಮುಂಬಯಿಯಲ್ಲಾಗಲಿ ದೆಹಲಿಯಲ್ಲಾಗಲಿ ಕನ್ನಡವನ್ನು ಹೊಸದಾಗಿ ಕಲಿಯುವವರಿಗೆ ‘ಮನೆ’, ‘ಮರ’ ಎಂಬ ಪದಪಟ್ಟಿಯನ್ನು ಕೊಟ್ಟರೆ ಸಾಲದು. ‘ಮನೆಗೆ’, ‘ಮರಕ್ಕೆ’, ‘ಊರಿಗೆ’ ಎಂದು ಒಂದೇ ವಿಭಕ್ತಿ ಮೂರು ಬಗೆಯಾಗುವುದು ಅವರ ನಾಲಗೆಗೆ ಒಗ್ಗಬೇಕು. ಅಂತಹ ಪಟ್ಟಿಗಳನ್ನು ವ್ಯಾಕರಣ ಬಲ್ಲವರೇ ಸಿದ್ಧಪಡಿಸಬೇಕು. ಹೊರನಾಡಿನ ಕನ್ನಡ ವಿಭಾಗಗಳು ಇದನ್ನು ತಮ್ಮ ಹೊಣೆಯೆಂದು ಭಾವಿಸಿ ಕೈಗೆತ್ತಿಕೊಳ್ಳುವುದು ಉಚಿತ.