ಬ್ಯಾಟರಿ ಬಂದಾಗ ಹೇಳ್ತೀವಿ ಸರ್!

ಶುಕ್ರವಾರ ರಾತ್ರಿ ಎಂಟು ಗಂಟೆ. ಆಫೀಸಿನಿಂದ ಆಟೋದಲ್ಲಿ ಬಂದು ಮನೆ ಮುಂದೆ ಇಳಿದೆ. ದುಡ್ಡು ಕೊಡೋಣ ಅಂತ ಫೋನ್ ತೆಗೆದರೆ ಸ್ಕ್ರೀನ್ ಕಪ್ಪು. ಐದು ನಿಮಿಷದ ಹಿಂದೆ ನೋಡಿದಾಗ 34 ಪರ್ಸೆಂಟ್ ಚಾರ್ಜ್ ಇತ್ತು! ಪರ್ಸಲ್ಲಿ ಕಾರ್ಡ್‌ಗಳು ಬಿಟ್ಟರೆ ಒಂದು ನೋಟೂ ಇಲ್ಲ.

"ಒಂದ್ನಿಮಿಷ ಇರಿ ಅಣ್ಣ, ಮೇಲಿಂದ ತರ್ತೀನಿ" ಅಂದೆ.

"ಎಲ್ರೂ ಹಿಂಗೇ ಹೇಳಿ ಹೋಗ್ತಾರೆ ಸಾರ್" ಅಂದರು ಅವರು. ತಪ್ಪು ಅವರದ್ದಲ್ಲ ಬಿಡಿ. ರೂಮ್‌ಮೇಟ್ ಕೆಳಗಿಳಿದು ಬಂದು ದುಡ್ಡು ಕೊಟ್ಟ.

ಇದು ತಮಾಷೆಯ ಭಾಗ. ಚಾರ್ಜರ್ ಸಿಗಿಸಿ ಫೋನ್ ಆನ್ ಮಾಡಿದ ಮೇಲೆ ಒಂದರ ಹಿಂದೊಂದು ಮಿಸ್ಡ್ ಕಾಲ್ ಮೆಸೇಜ್ ಬರತೊಡಗಿದವು. ಎಲ್ಲವೂ ಅಮ್ಮನದ್ದೇ. ಹಾಸನದ ಮನೆಯಲ್ಲಿ ಅಪ್ಪ ಬಚ್ಚಲಲ್ಲಿ ಜಾರಿ ಬಿದ್ದು ಮುಂಗೈ ಮೂಳೆ ಮುರಿದುಕೊಂಡಿದ್ದರು. ಪಕ್ಕದ ಮನೆಯವರು ತಮ್ಮ ಕಾರಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು.

"ಏನೋ ನಿನ್ ಫೋನು! ಯಾವಾಗ್ ಮಾಡಿದ್ರೂ ಸ್ವಿಚ್ ಆಫ್ ಅಂತಾಳಲ್ಲೋ ಅವ್ಳು" ಅಂತ ಅಮ್ಮ ಅತ್ತೇಬಿಟ್ಟಳು.

ನನ್ನ ಹತ್ತಿರ ಉತ್ತರ ಇರಲಿಲ್ಲ. ಯಾಕೆಂದರೆ ನಾನು ಸೋಮಾರಿತನ ಮಾಡಿರಲಿಲ್ಲ. ಹೊಸ ಬ್ಯಾಟರಿಗೆ ಮುಂಗಡ ಕಟ್ಟಿ ಅವತ್ತಿಗೆ 12 ದಿನ ಆಗಿತ್ತು.

ಮೂರೂವರೆ ವರ್ಷದ ಫೋನ್ ನನ್ನದು. ಸ್ಕ್ರೀನ್, ಕ್ಯಾಮೆರಾ, ಸ್ಪೀಡ್ ಎಲ್ಲ ಚೆನ್ನಾಗೇ ಇದೆ, ಬ್ಯಾಟರಿ ಮಾತ್ರ ಸುಸ್ತಾಗಿದೆ. ಅಧಿಕೃತ ಸರ್ವಿಸ್ ಸೆಂಟರ್‌ಗೆ ಹೋಗಿ, ಟೋಕನ್ ತಗೊಂಡು, ಒಂದು ಗಂಟೆ ಕಾದು ಕೌಂಟರ್ ಮುಂದೆ ಕೂತೆ.

"ನಿಮ್ಮ ಮಾಡೆಲ್‌ಗೆ ಸ್ಟಾಕ್ ಇಲ್ಲ ಸರ್. ಬಂದಾಗ ಹೇಳ್ತೀವಿ."

"ಯಾವತ್ತು ಬರುತ್ತೆ?"

"ಅದು ಸಿಸ್ಟಮ್‌ನಲ್ಲಿ ತೋರ್ಸಲ್ಲ ಸರ್."

ಒಂದು ಸೆಕೆಂಡ್ ಬಿಟ್ಟು ಮೆಲ್ಲಗೆ ಅಂದರು, "ಎಕ್ಸ್‌ಚೇಂಜ್ ಆಫರ್ ಇದೆ, ಹೊಸದೇ ತಗೊಂಡ್ಬಿಡಿ ಸರ್." ಹೊಸ ಫೋನ್‌ಗೆ ಸ್ಟಾಕ್ ಇತ್ತು. ಅವತ್ತೇ ಕೊಡ್ತಿದ್ದರು!

34 ಪರ್ಸೆಂಟ್ ಇದ್ದ ಫೋನ್ ಹೇಗೆ ಆಫ್ ಆಯ್ತು ಅಂತ ನೀವು ಕೇಳಬಹುದು. ನಿಮ್ಮ ಮನೆ ಮೇಲಿನ ನೀರಿನ ಟ್ಯಾಂಕ್ ನೆನೆಸಿಕೊಳ್ಳಿ. ಟ್ಯಾಂಕಲ್ಲಿ ನೀರಿದ್ದರೂ ಪೈಪಲ್ಲಿ ಪಾಚಿ ಕಟ್ಟಿದರೆ ನಲ್ಲಿಯಲ್ಲಿ ರಭಸ ಇರಲ್ಲ. ಲಿಥಿಯಂ ಅಯಾನ್ ಬ್ಯಾಟರಿ ಹಳೆಯದಾದಂತೆ ಅದರ ಒಳಗಿನ ವಿದ್ಯುತ್ ಪ್ರತಿರೋಧ ಹೆಚ್ಚುತ್ತದೆ. ಕ್ಯಾಮೆರಾ ಅಥವಾ ಮ್ಯಾಪ್ ಒಮ್ಮೆಲೇ ಜಾಸ್ತಿ ಕರೆಂಟ್ ಎಳೆದಾಗ ವೋಲ್ಟೇಜ್ ಕುಸಿದು ಫೋನ್ ಆಫ್ ಆಗಿಬಿಡುತ್ತದೆ. ಇದು ಯಾರ ತಪ್ಪೂ ಅಲ್ಲ. ಬೈಕಿನ ಟೈರ್ ಸವೆದ ಹಾಗೆ ಬ್ಯಾಟರಿಯೂ ಸವೆಯುತ್ತದೆ. ಆದರೆ ಟೈರ್ ಸವೆದರೆ ಹೊಸ ಬೈಕ್ ತಗೊಳ್ಳಿ ಅಂತ ಯಾರೂ ಹೇಳಲ್ಲ.

ಕಂಪನಿಗಳ ಕಡೆಗೂ ಸ್ವಲ್ಪ ನ್ಯಾಯ ಇದೆ. ಬೆಂಕಿಯ ಅಪಾಯ ಇರೋದರಿಂದ ಬಿಡಿ ಲಿಥಿಯಂ ಅಯಾನ್ ಬ್ಯಾಟರಿಗಳನ್ನು ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಸಾಗಿಸುವುದಕ್ಕೆ 2016ರ ಏಪ್ರಿಲ್‌ನಿಂದ ನಿಷೇಧ ಇದೆ. ಗೋಡೌನ್‌ನಲ್ಲಿ ವರ್ಷಗಟ್ಟಲೆ ಇಟ್ಟರೆ ಅಲ್ಲೇ ಹಳೆಯದಾಗುತ್ತವೆ. ಒಪ್ಪೋಣ. ಆದರೆ ಮೂರು ವರ್ಷದ ಹಿಂದೆ ಯಾವ ಮಾಡೆಲ್ ಎಷ್ಟು ಮಾರಿದ್ದೇವೆ ಅನ್ನೋದು ಅವರಿಗೆ ಗೊತ್ತಿಲ್ಲವೇ? ಈಗ ಎಷ್ಟು ಬ್ಯಾಟರಿ ಬೇಕಾಗುತ್ತೆ ಅಂತ ಲೆಕ್ಕ ಹಾಕೋಕೆ ರಾಕೆಟ್ ಸೈನ್ಸ್ ಬೇಡ, ಒಂದು ಎಕ್ಸೆಲ್ ಶೀಟ್ ಸಾಕು.

ಜನ ಹಳೇ ಫೋನನ್ನೇ ಇಟ್ಟುಕೊಳ್ಳೋಕೆ ಇಷ್ಟಪಡಲ್ಲ ಅನ್ನೋ ಮಾತೂ ಸುಳ್ಳು. ಹಳೇ ಐಫೋನ್‌ಗಳನ್ನು ನಿಧಾನ ಮಾಡಿದ್ದಕ್ಕೆ 2017ರ ಡಿಸೆಂಬರ್‌ನಲ್ಲಿ ಆ್ಯಪಲ್ ಕ್ಷಮೆ ಕೇಳಿ, ಬ್ಯಾಟರಿ ಬದಲಿಸುವ ದರವನ್ನು 79 ಡಾಲರ್‌ನಿಂದ 29 ಡಾಲರ್‌ಗೆ ಇಳಿಸಿತು. ಜನ ಮುಗಿಬಿದ್ದರು. ಕೆಲವು ಮಾಡೆಲ್‌ಗಳಿಗೆ ವಾರಗಟ್ಟಲೆ ಕಾಯಬೇಕಾಯಿತು. ಸರಿಯಾದ ಬೆಲೆಗೆ ಸಿಕ್ಕರೆ ರಿಪೇರಿ ಯಾರಿಗೆ ಬೇಡ?

ಯುರೋಪಿನವರು ಈ ಕಾಯುವಿಕೆಯನ್ನೇ ಕಾನೂನಿಗೆ ತಂದಿದ್ದಾರೆ. 2025ರ ಜೂನ್ 20ರಿಂದ ಅಲ್ಲಿ ಮಾರುಕಟ್ಟೆಗೆ ಬರುವ ಫೋನ್‌ಗಳ ಮುಖ್ಯ ಬಿಡಿಭಾಗಗಳನ್ನು, ಆ ಮಾಡೆಲ್ ಮಾರಾಟ ನಿಂತ ಮೇಲೂ 7 ವರ್ಷ ಒದಗಿಸಬೇಕು. ಅದೂ 5ರಿಂದ 10 ಕೆಲಸದ ದಿನಗಳ ಒಳಗೆ. ನಮ್ಮಲ್ಲಿ ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ 'ರೈಟ್ ಟು ರಿಪೇರ್' ಪೋರ್ಟಲ್ ಶುರು ಮಾಡಿತು. ಒಳ್ಳೆಯದೇ. ಆದರೆ ಕೌಂಟರ್ ಆಚೆ ಕೂತವರು "ಬಂದಾಗ ಹೇಳ್ತೀವಿ" ಅಂದರೆ ಪೋರ್ಟಲ್ ನೋಡ್ಕೊಂಡು ಏನ್ ಮಾಡೋಣ ಹೇಳಿ.

"ಎಸ್‌ಪಿ ರೋಡ್‌ಗೆ ಹೋಗು ಮಗಾ, ಅರ್ಧ ಗಂಟೇಲಿ ಹಾಕ್ಕೊಡ್ತಾರೆ" ಅಂದರು ಗೆಳೆಯರು. ನಿಜ, ಅಲ್ಲಿ ಒಳ್ಳೇ ಕೈಕೆಲಸದವರಿದ್ದಾರೆ. ಆದರೆ ಒಳಗೆ ಹಾಕುವ ಬ್ಯಾಟರಿ ಯಾವುದು ಅಂತ ನನಗೆ ಧೈರ್ಯ ಬರಲಿಲ್ಲ. ರಾತ್ರಿಯೆಲ್ಲಾ ದಿಂಬಿನ ಪಕ್ಕ ಇಟ್ಟುಕೊಂಡು ಮಲಗುವ ವಸ್ತು ಅದು.

ನನಗೆ ಹೆಚ್ಚು ಉರಿದದ್ದು ಇನ್ನೊಂದು ಕಾರಣಕ್ಕೆ. ನಮ್ಮ ಆಫೀಸಲ್ಲಿ ಕಸ್ಟಮರ್ ಟಿಕೆಟ್ ಎರಡು ದಿನ ಓಪನ್ ಇದ್ದರೆ ಮ್ಯಾನೇಜರ್ ಪಿಂಗ್ ಮಾಡ್ತಾರೆ. ಮೂರನೇ ದಿನ ಮೀಟಿಂಗ್. ಉತ್ತರ ಗೊತ್ತಿಲ್ಲದಿದ್ದರೂ ಒಂದು ಡೇಟ್ ಹೇಳಲೇಬೇಕು. ನನ್ನ ಬ್ಯಾಟರಿಯ ಟಿಕೆಟ್ ಮಾತ್ರ ದಿನವೂ ಅದೇ ಎರಡು ಪದ ತೋರಿಸ್ತಿತ್ತು: 'ಪಾರ್ಟ್ ಅವೇಟೆಡ್'.

26ನೇ ದಿನ ಮೆಸೇಜ್ ಬಂತು. ಹೋದೆ. ಬ್ಯಾಟರಿ ಬದಲಿಸೋಕೆ ಹಿಡಿದ ಸಮಯ 50 ನಿಮಿಷ. ಫೋನ್ ಈಗ ರಾತ್ರಿವರೆಗೂ ಬರುತ್ತೆ. ಇನ್ನೂ ಎರಡು ವರ್ಷ ಆರಾಮಾಗಿ ಓಡುತ್ತೆ ಅನ್ನಿಸ್ತಿದೆ.

ನನ್ನ ಅನುಭವದಿಂದ ನಿಮಗೆ ನಾಲ್ಕು ಮಾತು. ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ಹೆಲ್ತ್ 80 ಪರ್ಸೆಂಟ್ ಹತ್ತಿರ ಬಂದಾಗಲೇ ಬುಕ್ ಮಾಡಿ, ಕೈಕೊಡೋವರೆಗೂ ಕಾಯಬೇಡಿ. ಜಾಬ್ ಶೀಟ್ ಮೇಲೆ ಅಂದಾಜು ದಿನಾಂಕ ಬರೆಸಿಕೊಳ್ಳಿ. ಬರೆಯಲ್ಲ ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಬ್ಯಾಟರಿ ಉಬ್ಬಿದ್ದರೆ ಮಾತ್ರ ಒಂದು ದಿನವೂ ಬಳಸಬೇಡಿ, ಚಾರ್ಜಿಗೂ ಹಾಕಬೇಡಿ. ಮತ್ತೆ, ಪರ್ಸಲ್ಲಿ ಇನ್ನೂರು ರೂಪಾಯಿ ನೋಟು, ಮನೆಯವರ ಹತ್ತಿರ ನಿಮ್ಮ ರೂಮ್‌ಮೇಟ್ ನಂಬರ್ ಇರಲಿ. ಅಮ್ಮ ಈಗ ನನ್ನ ರೂಮ್‌ಮೇಟ್ ನಂಬರನ್ನು ಕ್ಯಾಲೆಂಡರ್ ಮೇಲೆ ದಪ್ಪಗೆ ಬರೆದಿಟ್ಟಿದ್ದಾಳೆ.

ಅಪ್ಪನ ಕೈಗೆ ಇನ್ನೂ ಪ್ಲಾಸ್ಟರ್ ಇದೆ. ಆರು ವಾರಕ್ಕೆ ಬಿಚ್ಚೋಣ ಅಂತ ಡಾಕ್ಟರ್ ಮೊದಲ ದಿನವೇ ಹೇಳಿ ಚೀಟಿಯಲ್ಲಿ ತಾರೀಖು ಬರೆದುಕೊಟ್ಟಿದ್ದಾರೆ. ಅರವತ್ತೈದು ವರ್ಷದ ಮೂಳೆ ಕೂಡೋಕೂ ಒಂದು ತಾರೀಖು ಸಿಗುತ್ತೆ. ಬ್ಯಾಟರಿಗೆ ಯಾಕೆ ಸಿಗಲ್ಲ ಸ್ವಾಮಿ?