ಕೂಲಿಕಾರರು ನಿಲ್ಲಿಸಿದ ಕಲ್ಲು



ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಒಂದು ದೊಡ್ಡ ಬಂಡೆ ಇದೆ. ರಸ್ತೆ ಮಧ್ಯದಲ್ಲಿ, ಎರಡೂ ಕಡೆ ವಾಹನ ಓಡಾಡೋ ಜಾಗದಲ್ಲಿ. 'ಬ್ಲ್ಯಾಕ್ ರಾಕ್' ಅಂತಾರೆ. ಅದರ ಆಸುಪಾಸಿನ ನೆಲದಲ್ಲಿ ಸುಮಾರು 6,000 ವಲಸಿಗರನ್ನು ಹೂಳಲಾಗಿದೆ. ಬಹುಪಾಲು ಐರ್ಲೆಂಡಿನ ಬಡವರು.

1845ರಲ್ಲಿ ಐರ್ಲೆಂಡಿನ ಆಲೂಗಡ್ಡೆಗೆ ರೋಗ ಬಿತ್ತು. ಬಡವರಿಗೆ ಅದೇ ಅನ್ನ. ಆದರೆ ದನ, ಬೆಣ್ಣೆ, ಧಾನ್ಯ ಮಾತ್ರ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗ್ತಾನೇ ಇತ್ತು. ಗೇಣಿ ಕಟ್ಟಲಾಗದವರನ್ನು ಜಮೀನ್ದಾರರು ಒಕ್ಕಲೆಬ್ಬಿಸಿದರು. ಸುಮಾರು 10 ಲಕ್ಷ ಜನ ಸತ್ತರು, ಅದಕ್ಕೂ ಹೆಚ್ಚು ಜನ ದೇಶ ಬಿಟ್ಟರು. ಲಂಡನ್ನಿನಲ್ಲಿ ಪರಿಹಾರದ ಹೊಣೆ ಹೊತ್ತಿದ್ದ ಅಧಿಕಾರಿ ಚಾರ್ಲ್ಸ್ ಟ್ರೆವೆಲಿಯನ್‌ಗೆ ಇದರಲ್ಲಿ ದೇವರ ಕೈ ಕಾಣಿಸಿತು. ನಮಗೇನೂ ಹೊಸದಲ್ಲ ಬಿಡಿ. ನಮ್ಮ ಹಸಿವಿಗೆ 'ಕರ್ಮ' ಅಂತ ಹೆಸರಿಟ್ಟವರನ್ನು ನೋಡಿದವರೇ ನಾವು.

1847ರಲ್ಲಿ ಹಡಗಿನಲ್ಲೇ ಟೈಫಸ್ ಜ್ವರ ಹತ್ತಿ ಬಂದವರು ಮಾಂಟ್ರಿಯಲ್ ದಡದ ಶೆಡ್‌ಗಳಲ್ಲಿ ಸತ್ತರು. ಸಾಲುಗುಂಡಿ ತೋಡಿ ಹೂತರು. 12 ವರ್ಷಗಳ ನಂತರ ಅಲ್ಲಿ ಸೇತುವೆ ಕಟ್ಟುತ್ತಿದ್ದ ಕೂಲಿಕಾರರಿಗೆ ಮೂಳೆಗಳು ಸಿಕ್ಕವು. ಅವರಲ್ಲೂ ಅನೇಕರು ಐರಿಷರು. ಇದನ್ನು ಯಾರೂ ತುಳಿಯಬಾರದು ಅಂತ 1859ರಲ್ಲಿ ನದಿಯಿಂದೆತ್ತಿದ ಬಂಡೆಯನ್ನು ತಂದು ನಿಲ್ಲಿಸಿದರು. ಸರ್ಕಾರ ಅಲ್ಲ, ಕೂಲಿಕಾರರು! 1900ರಲ್ಲಿ ರೈಲ್ವೆ ಕಂಪನಿ ಅದನ್ನು ಕಿತ್ತು ಬೇರೆ ಕಡೆ ಇಟ್ಟಾಗ ಐರಿಷ್ ಸಮುದಾಯ ವರ್ಷಗಟ್ಟಲೆ ಹೋರಾಡಿ ವಾಪಸ್ ತರಿಸಿತು. ಈಗಲೂ ಪ್ರತಿ ಮೇ ತಿಂಗಳು ಅಲ್ಲಿಗೆ ನಡೆದು ಹೋಗ್ತಾರೆ. ಜ್ವರ ತಂದವರು ಅಂತ ಬೈಸಿಕೊಂಡ ಹಿರಿಯರನ್ನು ಆ ಮೊಮ್ಮಕ್ಕಳು ಮುಚ್ಚಿಡಲಿಲ್ಲ.

ಅವರು ಬಿಳಿಯರು, ನಮಗೇನು ಸಂಬಂಧ ಅಂತ ಕೆಲವರು ಕೇಳಬಹುದು. ನಿಜ, ಕೆಲವೇ ತಲೆಮಾರಿನಲ್ಲಿ ಅವರು ಮೇಲೆ ಬಂದರು. ನಮಗೆ ಜಾತಿ ಆ ದಾರಿ ಬಿಡಲಿಲ್ಲ. ಆದರೆ ಬಂಡೆ ನಿಂತ ಅದೇ 1859ರಲ್ಲಿ ಇದೇ ಟ್ರೆವೆಲಿಯನ್ ಮದ್ರಾಸಿನ ಗವರ್ನರ್ ಆಗಿ ಬಂದ. ನಮ್ಮ ಬಳ್ಳಾರಿ ಅವನ ಆಡಳಿತದಲ್ಲಿತ್ತು. ಅವನು ಹೋದ ಮೇಲೂ ಅದೇ ಸಾಮ್ರಾಜ್ಯ, ಅದೇ ಲೆಕ್ಕಾಚಾರ. 1876-78ರ ಧಾತು-ಈಶ್ವರ ಬರದಲ್ಲಿ ಮೈಸೂರು ಸೀಮೆಯಲ್ಲೇ ಸುಮಾರು 10 ಲಕ್ಷ ಜನ ಹೋದರು. ಭೂಮಿಯಿಲ್ಲದ ಕೂಲಿಗಳಿಗೆ ಯಾವ ಆಸರೆಯೂ ಇರಲಿಲ್ಲ. ಬೆಂಗಳೂರು-ಮೈಸೂರು ರೈಲು ಮಾರ್ಗ ಶುರುವಾಗಿದ್ದೇ ಬರ ಪರಿಹಾರದ ಕಾಮಗಾರಿಯಾಗಿ. ಆ ದಾರಿಯಲ್ಲಿ ಅವರ ಹೆಸರಿನ ಒಂದು ಕಲ್ಲನ್ನೂ ನಾನು ನೋಡಿಲ್ಲ.

ಸತ್ತವರನ್ನು ನೆನೆಯೋದು ಅಂದ್ರೆ ಬರೀ ಹಾರ ಹಾಕೋದಲ್ಲ, ಅವರು ಮಲಗಿರೋ ನೆಲವನ್ನು ಕಾಯೋದು. ಇವತ್ತಿಗೂ ಎಷ್ಟೋ ಊರುಗಳಲ್ಲಿ ನಮ್ಮವರನ್ನು ಹೂಳೋಕೆ ಹಳ್ಳದ ದಂಡೆಯೇ ಗತಿ. ಇರೋ ಜಾಗವೂ ಪಹಣಿಯಲ್ಲಿ ಸ್ಮಶಾನ ಅಂತ ಇರಲ್ಲ, ವರ್ಷಕ್ಕೊಂದು ಸಾಲು ಪಕ್ಕದ ಹೊಲಕ್ಕೆ ಸೇರ್ತದೆ.

ಹಾಗಾಗಿ ಜಯಂತಿ ಸಮಿತಿಯ ಗೆಳೆಯರಲ್ಲಿ ಒಂದು ಮನವಿ. ಈ ವರ್ಷ ಫ್ಲೆಕ್ಸ್ ಒಂದು ಕಮ್ಮಿ ಆದರೂ ಪರವಾಗಿಲ್ಲ. ನಿಮ್ಮ ಕೇರಿಯ ಸ್ಮಶಾನದ ಪಹಣಿ ತೆಗೆಸಿ ನೋಡಿ. ತಹಶೀಲ್ದಾರರಿಗೆ ಅರ್ಜಿ ಕೊಡಿ, ಸರ್ವೆ ಮಾಡಿಸಿ ಹದ್ದುಬಸ್ತು ಕಲ್ಲು ನೆಡಿಸಿ. ಅರ್ಜಿ ಬರೆಯೋಕೆ ನಾನಿದ್ದೀನಿ.