ಮಕ್ತಲ್‌ಗೆ ಕಬಡ್ಡಿಯೇ ಸಾಕೆ?

2025ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಯಾನ್ ಆಂಟೋನಿಯೋದಲ್ಲಿ ಕಾಲೇಜು ಬಾಸ್ಕೆಟ್‌ಬಾಲ್ ಫೈನಲ್ ನಡೆಯಿತು. ಫ್ಲೋರಿಡಾ 65, ಹ್ಯೂಸ್ಟನ್ 63. ಎರಡು ತಿಂಗಳಲ್ಲೇ, ಜೂನ್‌ನಲ್ಲಿ, ಕಾಲೇಜುಗಳು ಆಟಗಾರರಿಗೆ ನೇರವಾಗಿ ಹಣ ಕೊಡಬಹುದೆಂಬ ಒಪ್ಪಂದಕ್ಕೆ ಅಲ್ಲಿನ ನ್ಯಾಯಾಲಯ ಅಸ್ತು ಎಂದಿತು. ಮೊದಲ ವರ್ಷ ಒಂದು ಕಾಲೇಜಿಗೆ 2 ಕೋಟಿ 5 ಲಕ್ಷ ಡಾಲರ್‌ವರೆಗೆ. ದುಡ್ಡು ಬಂದು ಕಾಲೇಜು ಆಟ ಕೆಟ್ಟಿತೆಂದು ಅಲ್ಲಿ ಕೂಗು. ಕೆಡುವುದಕ್ಕಾದರೂ ಅವರಲ್ಲಿ ಒಂದು ಆಟವಿದೆಯಲ್ಲ!

ಇತ್ತ ನಮ್ಮಲ್ಲಿ, ಅದೇ ಜೂನ್‌ನಲ್ಲಿ ಮಕ್ತಲ್ ಶಾಸಕ ವಾಕಿಟಿ ಶ್ರೀಹರಿ ತೆಲಂಗಾಣದ ಕ್ರೀಡಾ ಸಚಿವರಾದರು. ಆಗಸ್ಟ್‌ನಲ್ಲಿ ಹೈದರಾಬಾದಿನಲ್ಲಿ ಹೊಸ ಕ್ರೀಡಾ ನೀತಿ ಬಿಡುಗಡೆಯಾಯಿತು. ಒಲಿಂಪಿಕ್ಸ್ ಪದಕ, ಕ್ರೀಡಾ ವಿಶ್ವವಿದ್ಯಾಲಯ ಎಂದೆಲ್ಲ ದೊಡ್ಡ ಮಾತು. ನನ್ನ ತಕರಾರು ಆಡುವ ನೆಲದ್ದು.

ಕಬಡ್ಡಿಗೆ ಮಣ್ಣು ಸಾಕು. ವಾಲಿಬಾಲಿಗೆ ಎರಡು ಕಂಬ, ಒಂದು ನೆಟ್. ಬಾಸ್ಕೆಟ್‌ಬಾಲಿಗೆ 28 ಮೀಟರ್ ಉದ್ದ, 15 ಮೀಟರ್ ಅಗಲದ ಗಟ್ಟಿ ನೆಲ ಬೇಕು, ಎಲ್ಲೂ ತಗ್ಗುದಿಣ್ಣೆ ಇರಬಾರದು. ಎರೆಮಣ್ಣಲ್ಲಿ ಚೆಂಡು ಮೇಲೇಳುವುದಿಲ್ಲ, ಗರಸಿನ ಕಲ್ಲಿಗೆ ತಾಗಿದರೆ ಮಗ್ಗುಲಿಗೆ ಹಾರುತ್ತದೆ. ಡ್ರಿಬಲ್ ಮಾಡುತ್ತಲೇ ತಲೆಯೆತ್ತಿ ಜೊತೆಯವರನ್ನು ಹುಡುಕಬೇಕಾದ ಆಟದಲ್ಲಿ ಹುಡುಗಿ ಕಾಲಡಿಯನ್ನೇ ನೋಡುತ್ತ ಓಡಿದರೆ ಅವಳು ಕಲಿಯುವುದಾದರೂ ಏನು? ದೇಶದ ಅಂತರ ವಿಶ್ವವಿದ್ಯಾಲಯ ಪ್ರಶಸ್ತಿಗೆ ದಾರಿ ವಲಯ ಟೂರ್ನಿಯಿಂದ. ಈ ಭಾಗದ ಪಾಲಮೂರು ವಿಶ್ವವಿದ್ಯಾಲಯದ ತಂಡದಲ್ಲಿ ನಾರಾಯಣಪೇಟೆ, ಗದ್ವಾಲದ ಮಕ್ಕಳು ಇರಬೇಕಾದರೆ ದಿನಾ ಸಂಜೆ ಆಡಲು ಅಂಕಣ ಬೇಕು. ಟೂರ್ನಿಯ ಹಿಂದಿನ ವಾರ ಟ್ರ್ಯಾಕ್‌ಸೂಟ್ ಹಂಚಿದರೆ ತಂಡವಾಗುವುದಿಲ್ಲ, ಫೋಟೋ ಆಗುತ್ತದೆ.

ಹಳ್ಳಿ ಮಕ್ಕಳಿಗೆ ಕಬಡ್ಡಿ, ಖೋ ಖೋ ಸಾಕು, ಬಾಸ್ಕೆಟ್‌ಬಾಲ್ ಎಲ್ಲ ಪೇಟೆಯವರ ಆಟ ಅನ್ನುವವರಿದ್ದಾರೆ. ಅವರು ಸತ್ನಾಮ್ ಸಿಂಗ್ ಹೆಸರು ಕೇಳಿಲ್ಲ. ಪಂಜಾಬಿನ ಬಲ್ಲೋಕೆ ಎಂಬ ಹಳ್ಳಿಯ ರೈತನ ಮಗ, ಲೂಧಿಯಾನದ ಅಕಾಡೆಮಿಯಲ್ಲಿ ಪಳಗಿ, 2015ರಲ್ಲಿ ಎನ್‌ಬಿಎ ತಂಡವೊಂದು ಆರಿಸಿಕೊಂಡ ಮೊದಲ ಭಾರತೀಯನಾದ. ಹಳ್ಳಿಯವನೆಂದು ಲೂಧಿಯಾನದವರು ಬಾಗಿಲು ಹಾಕಲಿಲ್ಲ. ಮಕ್ಕಳು ಯಾವ ಆಟ ಆಡಬೇಕೆಂದು ಊರು ನೋಡಿ ಹಂಚುವ ಈ ಬುದ್ಧಿ ನನಗೆ ಜಾತಿ ನೋಡಿ ಕಸುಬು ಹಂಚಿದ ಹಾಗೇ ಕಾಣುತ್ತದೆ.

ಪಂದ್ಯವಾಡಲು ಎದುರಾಳಿ ಬೇಕೆಂದರೆ ಹೈದರಾಬಾದಿನ ತನಕ ಹೋಗುವುದೂ ಬೇಡ. ಕೃಷ್ಣಾ ಹೊಳೆ ದಾಟಿದರೆ ರಾಯಚೂರು. ಹೊಳೆಯ ಈಚೆ ದಡದ ಕೃಷ್ಣಾ ಮಂಡಲದ ಕನ್ನಡ ಶಾಲೆಗಳ ಮಕ್ಕಳಿಗೆ ಅದು ಸಂತೆಯ ಊರು, ಆಸ್ಪತ್ರೆಯ ಊರು. ಅಲ್ಲಿನ ಕಾಲೇಜುಗಳನ್ನು ಕರೆದು ಆಡಿಸಲು ಯಾವ ನೀತಿ ಅಡ್ಡ ಬರುತ್ತದೆ?

ಸಚಿವರು ಮೊದಲು ಒಂದು ಪಟ್ಟಿ ಹೊರಡಿಸಲಿ: ಯಾವ ಸರ್ಕಾರಿ ಪದವಿ ಕಾಲೇಜಿನಲ್ಲಿ ಗಟ್ಟಿ ಅಂಕಣವಿದೆ, ಎಲ್ಲಿ ಖಾಯಂ ಫಿಸಿಕಲ್ ಡೈರೆಕ್ಟರ್ ಇದ್ದಾರೆ, ಎಲ್ಲಿ ಇಲ್ಲ. ಮಕ್ತಲ್‌ನಿಂದಲೇ ಶುರು ಮಾಡಲಿ. ಅವರಿಗೆ ದೂರವೂ ಅಲ್ಲ.